ತೋಟದ ಮಳೆಮಾಪಕಕ್ಕೆ ಮೈಕ್ರೊಕಂಟ್ರೋಲರ್: ಒಂದಕ್ಕೆ ಯಾವುದು, ಇನ್ನೂರಕ್ಕೆ ಯಾವುದು?

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು, ಸೆಂಟ್ಸ್‌ಗಳಲ್ಲೇ ನಡೆಯುತ್ತದೆ; ನೂರು ಸೆಂಟ್ಸ್‌ಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ಸ್ ಬಿತ್ತೆಂಬುದನ್ನು ನೋಡಿಯೇ ಸ್ಪ್ರಿಂಕ್ಲರ್ ಹಾಕುವ ತೀರ್ಮಾನವಾಗುವುದರಿಂದ, ಒಂದು ಸೆಂಟ್ ಮಳೆಗೆ, ಅಂದರೆ 0.254 ಮಿ.ಮೀ.ಗೆ, ಒಮ್ಮೆ ಮಗುಚಿಕೊಳ್ಳುವ ಬಟ್ಟಲಿನ ಮಾಪಕವೊಂದನ್ನು ಮಾಡಿಕೊಂಡೆ. ಬಟ್ಟಲು ಮಗುಚಿದಾಗಲೆಲ್ಲ ಅದರ ಅಯಸ್ಕಾಂತವು ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್ಚು) ಕ್ಷಣಕಾಲ ಮುಚ್ಚುತ್ತದೆ. ಅದನ್ನು ಎಣಿಸಿಡುವುದಷ್ಟೇ ಮೈಕ್ರೊಕಂಟ್ರೋಲರಿನ, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರಿನ, ಕೆಲಸ. ಈ ಒಂದೇ ಕೆಲಸಕ್ಕೆ ಬೇರೆ ಬೇರೆ ಚಿಪ್‌ಗಳನ್ನು ಹಾಕಿ ನೋಡುವಾಗ, ನನ್ನ ತೋಟಕ್ಕೊಂದು ಸಾಕಾದರೆ ಯಾವುದು, ಸುತ್ತಲಿನ ತೋಟಗಳಿಗೆಂದು ಇನ್ನೂರು ಮಾಡುವುದಾದರೆ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದೆ.

ಕಲಿಯುವವರು ಹೆಚ್ಚಾಗಿ ಬಳಸುವ ಆರ್ಡುಯಿನೊ ಊನೊ ಬೋರ್ಡಿನಲ್ಲಿ ಒಂದೇ ಸಂಜೆಯಲ್ಲಿ ಎಣಿಕೆ ಶುರುವಾಯಿತು. ಆದರೆ ಆ ಬೋರ್ಡು ಸುಮ್ಮನಿದ್ದಾಗಲೂ 40ರಿಂದ 50 ಮಿಲಿಆಂಪಿಯರ್ ಎಳೆಯುತ್ತದೆ. 2,000 ಮಿಲಿಆಂಪಿಯರ್-ಗಂಟೆಯ ಎಎ ಸೆಲ್‌ಗಳು ಎರಡು ದಿನದ ಆಸುಪಾಸಿನಲ್ಲೇ ಖಾಲಿಯಾಗುತ್ತವೆ. ತಪ್ಪು ಬಹುಪಾಲು ಚಿಪ್ಪಿನದಲ್ಲ, ಯುಎಸ್‌ಬಿ ಮತ್ತು ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ) ಭಾಗಗಳದ್ದು. ಅದರಲ್ಲಿರುವ ಎಟಿಮೆಗಾ328ಪಿ ಚಿಪ್ಪನ್ನಷ್ಟೇ ಬೋರ್ಡಿನಿಂದ ಬಿಡಿಸಿ, 1.8ರಿಂದ 5.5 ವೋಲ್ಟ್‌ವರೆಗೂ ನಡೆಯುವ ಅದಕ್ಕೆ ನೇರವಾಗಿ ಎರಡು ಸೆಲ್ ಕೊಟ್ಟು, ಎಣಿಕೆಯಿಲ್ಲದಾಗ ಮಲಗಿಸಿದರೆ (ಕೆಲಸ ನಿಲ್ಲಿಸಿ ನಿದ್ರಾಸ್ಥಿತಿಗೆ ಕಳಿಸಿದರೆ), ಖರ್ಚು ಒಂದು ಮೈಕ್ರೊಆಂಪಿಯರಿನ ಆಸುಪಾಸಿಗೆ ಇಳಿಯುತ್ತದೆ. ಒಂದೇ ಮಾಪಕ ಬೇಕಾದವರಿಗೆ ನನ್ನ ಮೊದಲ ಆಯ್ಕೆ ಇದೇ.

ಇಎಸ್‌ಪಿ32 ಎಂಬ ಚಿಪ್ಪಿನ ಆಕರ್ಷಣೆ ಬೇರೆ: ವೈಫೈ ಅದರೊಳಗೇ ಇದೆ, ಮಳೆಯ ಲೆಕ್ಕ ಫೋನಿಗೇ ಬರುತ್ತದೆ. ಆಳ ನಿದ್ರೆಯಲ್ಲಿ ಚಿಪ್ಪು 10 ಮೈಕ್ರೊಆಂಪಿಯರ್ ಮಾತ್ರ ಬಳಸುತ್ತದಾದರೂ, ಅಗ್ಗದ ಡೆವಲಪ್‌ಮೆಂಟ್ ಬೋರ್ಡುಗಳ ರೆಗ್ಯುಲೇಟರ್ ಮತ್ತು ದೀಪ ಸೇರಿ ಹಲವು ಮಿಲಿಆಂಪಿಯರ್ ತಿನ್ನುತ್ತವೆ. ಇನ್ನೊಂದು ತೊಡಕು ನಮ್ಮ ಮಳೆಯದ್ದೇ. ಭಾಗಮಂಡಲದ ಕಡೆ ಜುಲೈನಲ್ಲಿ ದಿನಕ್ಕೆ ಎಂಟು ಇಂಚು ಸುರಿದರೆ ಬಟ್ಟಲು ಎಂಟುನೂರು ಸಲ ಮಗುಚುತ್ತದೆ, ಪ್ರತಿ ಸಲವೂ ಇಡೀ ಚಿಪ್ಪು ಎದ್ದು ಬೂಟ್ ಆಗಬೇಕು. ಇದನ್ನು ತಪ್ಪಿಸಲು ಒಳಗಿನ ಯುಎಲ್‌ಪಿ ಎಂಬ, ಅತಿ ಕಡಿಮೆ ವಿದ್ಯುತ್ತಿನ ಪುಟ್ಟ ಸಹಪ್ರೊಸೆಸರಿಗೆ ಎಣಿಕೆ ವಹಿಸಬಹುದು, ಆದರೆ ಇಎಸ್‌ಪಿ32 ಸುಲಭವೆಂಬ ಮಾತು ಅಲ್ಲಿಗೆ ಮುಗಿಯುತ್ತದೆ. ಮಾರಾಟಕ್ಕೆ ಇಳಿದರೆ ನಿಸ್ತಂತು ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಇಟಿಎ ಅನುಮೋದನೆಯೂ ಬೇಕು. ಮನೆಯಂಗಳದಲ್ಲಿ, ವೈಫೈ ಮತ್ತು ಅಡಾಪ್ಟರ್ ಎರಡೂ ಇರುವಲ್ಲಿ ಮಾತ್ರ ನಾನಿದನ್ನು ಒಪ್ಪುತ್ತೇನೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಕಲಿಕೆಗೆ ಸೊಗಸಾದ ಬೋರ್ಡು; ಆದರೆ ಅದರ ಆರ್‌ಪಿ2040 ಚಿಪ್ಪು ಅತಿ ಆಳದ ನಿದ್ರೆಯಲ್ಲೂ ನೂರಕ್ಕೂ ಹೆಚ್ಚು ಮೈಕ್ರೊಆಂಪಿಯರ್ ಬೇಡುವುದರಿಂದ ಈ ಕೆಲಸಕ್ಕೆ ಹೊಂದಲಿಲ್ಲ.

ಇನ್ನೂರರ ಪ್ರಶ್ನೆಗೆ ಬಂದಾಗ ಎಟಿಮೆಗಾ ಹಿಂದೆ ಬೀಳುತ್ತದೆ, ಏಕೆಂದರೆ ಈ 8 ಬಿಟ್ ಹಳಬ ಅನೇಕ 32 ಬಿಟ್ ಹೊಸಬರಿಗಿಂತ ದುಬಾರಿ. ಉಳಿದದ್ದು ಎರಡು ಚಿಪ್ಪು. 2022ರಲ್ಲಿ ಸುಮಾರು 10 ಅಮೆರಿಕನ್ ಸೆಂಟ್ಸ್ ಬೆಲೆಯೊಂದಿಗೆ ಸುದ್ದಿಯಾದ ಸಿಎಚ್32ವಿ003ಕ್ಕೆ ಕನಿಷ್ಠ 2.7 ವೋಲ್ಟ್ ಬೇಕು. ಎರಡು ಸೆಲ್ ಅರ್ಧ ಖಾಲಿಯಾಗುವ ಹೊತ್ತಿಗೇ ಅದು ನಿಲ್ಲುವುದರಿಂದ ಮೂರನೆಯ ಸೆಲ್ಲನ್ನೂ ದೊಡ್ಡ ಡಬ್ಬಿಯನ್ನೂ ಕೊಡಬೇಕಾಗುತ್ತದೆ, ಚಿಪ್ಪಿನಲ್ಲಿ ಉಳಿಸಿದ ಹಣ ಅದಕ್ಕೇ ಸರಿಹೋಗುತ್ತದೆ. ಎಸ್‌ಟಿಎಂ32ಎಲ್031 ಬೆಲೆಯಲ್ಲಿ ಹೆಚ್ಚಾದರೂ 1.8 ವೋಲ್ಟಿನಲ್ಲಿ ನಡೆಯುತ್ತದೆ, ಒಂದು ಮೈಕ್ರೊಆಂಪಿಯರಿಗಿಂತ ಕಡಿಮೆಯಲ್ಲಿ ಮಲಗುತ್ತದೆ, ಮತ್ತು ತಯಾರಕರು ಹತ್ತು ವರ್ಷದ ಪೂರೈಕೆಯ ಭರವಸೆ ಕೊಡುತ್ತಾರೆ. 2021ರ ಕೊರತೆಯಲ್ಲಿ ಎಸ್‌ಟಿಎಂ32 ಚಿಪ್‌ಗಳು ಎಷ್ಟು ದುರ್ಲಭವಾಗಿದ್ದವೆಂಬುದನ್ನು ಕಂಡವರಿಗೆ ಆ ಭರವಸೆಯ ಮಿತಿಯೂ ಗೊತ್ತಿದೆ, ಆದ್ದರಿಂದ ಇನ್ನೂರಕ್ಕೆ ನಾನು ಆರಿಸುವ ಈ ಚಿಪ್‌ಗಳನ್ನು ಪಿಸಿಬಿ (ಬಿಡಿಭಾಗ ಕೂರಿಸುವ ಮುದ್ರಿತ ಬೋರ್ಡು) ಮಾಡಿಸುವ ಮೊದಲೇ ಕೊಂಡಿಡುವುದು ಲೇಸು.

ಆಷಾಢದ ತೇವ ಮಾತ್ರ ಯಾವ ಚಿಪ್ಪನ್ನೂ ಬಿಡುವುದಿಲ್ಲ. ವಿದ್ಯುತ್ ಉಳಿಸಲೆಂದು ರೀಡ್ ಸ್ವಿಚ್ಚಿಗೆ ಒಂದು ಮೆಗಾಓಮ್ ಪುಲ್‌ಅಪ್ (ಸ್ವಿಚ್ಚು ತೆರೆದಿರುವಾಗ ಚಿಪ್ಪಿನ ಪಿನ್ನನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವ ರೆಸಿಸ್ಟರ್) ಇಟ್ಟರೆ, ಪಿಸಿಬಿಯ ಮೇಲೆ ಕೂತ ಪಸೆಯ ಸೋರಿಕೆಯಿಂದಲೇ ಸುಳ್ಳು ಎಣಿಕೆ ಬರಬಹುದು. 100 ಕಿಲೊಓಮ್ ಇಟ್ಟು, ಬೋರ್ಡಿಗೆ ತೇವ ತಡೆಯುವ ತೆಳು ಲೇಪವಾದ ಕನ್‌ಫಾರ್ಮಲ್ ಕೋಟಿಂಗ್ ಬಳಿಯಬೇಕು. ಬಳಿಯುವಾಗ ಪ್ರೋಗ್ರಾಂ ತುಂಬುವ ಪ್ಯಾಡ್‌ಗಳನ್ನು ಟೇಪಿನಿಂದ ಮುಚ್ಚಿಡದಿದ್ದರೆ ಮುಂದೆ ಇನ್ನೂರು ಮಾಪಕಗಳನ್ನೂ ಕೆರೆಯುತ್ತ ಕೂರಬೇಕಾಗುತ್ತದೆ.