ದೀಪ ಒಂದೇ, ರೆಂಡರ್ ನಾಲ್ಕು ಬಗೆ

"ದೀಪದ ಬೆಳಕು ಜಾಸ್ತಿ ಹಳದಿ ಆಯ್ತು, ಸ್ವಲ್ಪ ಕಮ್ಮಿ ಮಾಡಿ. ಕಿಟಕಿ ಬೆಳಕು ಹಾಗೇ ಇರ್ಲಿ." ಹಿತ್ತಾಳೆ ದೀಪದ ಹತ್ತು ಸೆಕೆಂಡಿನ ಜಾಹೀರಾತು ನೋಡಿ ಗಿರಾಕಿ ಹೇಳಿದ್ದು ಇಷ್ಟೇ. ಅದನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಸೈಕಲ್ಸ್‌ನಲ್ಲಿ, ಅಂದರೆ ದೃಶ್ಯವನ್ನು ಲೆಕ್ಕ ಹಾಕಿ ಚಿತ್ರವಾಗಿಸುವ (ರೆಂಡರ್ ಮಾಡುವ) ಎಂಜಿನ್‌ನಲ್ಲಿ ಮಾಡಿದ್ದೆ. ಒಟ್ಟು 240 ಫ್ರೇಮ್, ನನ್ನ ಕಂಪ್ಯೂಟರಿಗೆ ಒಂದೊಂದಕ್ಕೂ ನಾಲ್ಕು ನಿಮಿಷ ಬೇಕು. ಅಂದರೆ ಮತ್ತೆ 16 ಗಂಟೆ. ಆ ಸಿಟ್ಟಿನಲ್ಲೇ, ಪೂರ್ತಿ ಮತ್ತೆ ರೆಂಡರ್ ಮಾಡದೆ ಆಮೇಲೆ ಬೆಳಕು ತಿದ್ದಲು ಯಾವುದು ಸುಲಭ ಅಂತ ಅದೇ ದೃಶ್ಯವನ್ನು ಬೇರೆ ಬೇರೆ ರೀತಿ ರೆಂಡರ್ ಮಾಡಿ ನೋಡಿದೆ.

ಮೊದಲು ಕೊಟ್ಟಿದ್ದು ಎಲ್ಲ ಸೇರಿದ ಒಂದೇ ಚಿತ್ರ, ಪಿಎನ್‌ಜಿಯಲ್ಲಿ. ತಲೆನೋವಿಲ್ಲ, ಡಿನಾಯ್ಸ್ (ಚಿತ್ರದ ಚುಕ್ಕಿಚುಕ್ಕಿ ಕಲೆ ಅಳಿಸುವುದು) ಕೂಡ ನೀಟಾಗಿ ಆಗುತ್ತದೆ. ಆದರೆ ಅದರ ಮೇಲೆ ಹಳದಿ ಇಳಿಸಲು ಹೋದರೆ ಹಿತ್ತಾಳೆಯ ಬಣ್ಣವೂ ಹೋಯಿತು. ದೀಪ ಸ್ಟೀಲ್ ಲೋಟದ ಥರ ಕಾಣಿಸಿತು.

ಎರಡನೇ ಸಲ ದೀಪ ಒಂದು ವ್ಯೂ ಲೇಯರ್ (ಬೇರೆಯಾಗಿ ರೆಂಡರ್ ಆಗುವ ಪದರ), ಕೋಣೆ ಇನ್ನೊಂದು. ಒಂದರ ಮೇಲೊಂದು ಕೂರಿಸುವ ಈ ಲೆಕ್ಕವನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನವರಾದ ಪೋರ್ಟರ್ ಮತ್ತು ಡಫ್ 1984ರಲ್ಲೇ ಬರೆದಿಟ್ಟಿದ್ದಾರೆ. ಕ್ಯಾಮೆರಾ ಅಲುಗಾಡದಿದ್ದರೆ ಕೋಣೆಯನ್ನು ಒಂದೇ ಫ್ರೇಮ್ ರೆಂಡರ್ ಮಾಡಿದರೆ ಸಾಕು, ಅದೊಂದು ದೊಡ್ಡ ಲಾಭ. ಆದರೆ ದೊಡ್ಡದು ಮಾಡಿ ನೋಡಿದಾಗ ದೀಪದ ಅಂಚಿಗೆ ಕೂದಲೆಳೆಯಷ್ಟು ಕಪ್ಪು ಗೆರೆ. ಆಲ್ಫಾದಿಂದ, ಅಂದರೆ ಹಿಂದಿನದನ್ನು ಎಷ್ಟು ಮುಚ್ಚಬೇಕು ಅನ್ನುವ ಅಂಕಿಯಿಂದ, ಗುಣಿಸಿದ ಬಣ್ಣವನ್ನು ಬಿಡಿಸದೆ ಹಾಗೇ ತಿದ್ದಿದ್ದೆ, ಅದರ ಫಲ. ಅದನ್ನು ಬಿಡಿಸುವ ಆಲ್ಫಾ ಕನ್ವರ್ಟ್ ನೋಡ್ (ಚಿತ್ರ ತಿದ್ದಲು ಜೋಡಿಸುವ ಒಂದು ಹೆಜ್ಜೆ) ಹಾಕಿದ ಮೇಲೆ ಗೆರೆ ಹೋಯಿತು. ಗಿರಾಕಿಯ ದೂರು ಮಾತ್ರ ಹೋಗಲಿಲ್ಲ: ಗೋಡೆಗೆ ಬಿದ್ದ ಹಳದಿ ಇದ್ದದ್ದು ಕೋಣೆಯ ಲೇಯರಿನಲ್ಲಿ!

ಮೂರನೆಯದು ಪಾಠಗಳಲ್ಲೆಲ್ಲ ಹೇಳಿಕೊಡುವ ದಾರಿ, ಚಿತ್ರವನ್ನು ಪಾಸ್‌ಗಳಾಗಿ (ಬೆಳಕಿನ ಬಗೆಗೊಂದು ಬಿಡಿ ಚಿತ್ರವಾಗಿ) ಒಡೆಯುವುದು: ಡಿಫ್ಯೂಸ್ (ಮಂದವಾಗಿ ಚದುರಿದ ಬೆಳಕು), ಗ್ಲಾಸಿ (ಹೊಳಪು), ಟ್ರಾನ್ಸ್‌ಮಿಷನ್ (ಗಾಜಿನಂಥದ್ದರ ಮೂಲಕ ಹಾದ ಬೆಳಕು). ಪ್ರತಿಯೊಂದರಲ್ಲೂ ಡೈರೆಕ್ಟ್ (ನೇರ ಬಿದ್ದ ಬೆಳಕು), ಇಂಡೈರೆಕ್ಟ್ (ಬೇರೆಡೆಗೆ ತಾಗಿ ಬಂದ ಬೆಳಕು), ಕಲರ್ (ವಸ್ತುವಿನ ಬಣ್ಣ) ಅಂತ ಮೂರು. ಮೊದಲೆರಡನ್ನು ಕೂಡಿಸಿ ಕಲರ್‌ನಿಂದ ಗುಣಿಸಬೇಕು, ಎಲ್ಲ ಒಟ್ಟು ಸೇರಿಸಿ ಎಮಿಷನ್ (ತಾನೇ ಬೆಳಗುವ ವಸ್ತು), ಎನ್ವಿರಾನ್‌ಮೆಂಟ್ (ಹಿನ್ನೆಲೆ) ಹಾಕಬೇಕು. ಡಿಫ್ಯೂಸ್ ಪಾಸ್ ತೆರೆದರೆ ದೀಪದ ಜಾಗದಲ್ಲಿ ಕಪ್ಪು ತೂತು. ಗಾಬರಿಯಾಯಿತು. ಲೋಹಕ್ಕೆ ಡಿಫ್ಯೂಸ್ ಇರುವುದಿಲ್ಲ, ಹೊಳಪೆಲ್ಲ ಗ್ಲಾಸಿಯಲ್ಲೇ ಇರುತ್ತದೆ ಅಂತ ಆಮೇಲೆ ನೆನಪಾಯಿತು. ಹಿತ್ತಾಳೆಯ ಮಿಂಚು ಒಂದನ್ನೇ ತಿದ್ದಬೇಕಿದ್ದರೆ ಇದು ಚೆನ್ನ. ಆದರೆ ಗೋಡೆಯ ಡಿಫ್ಯೂಸ್ ಡೈರೆಕ್ಟ್‌ನಲ್ಲಿ ದೀಪದ ಬೆಳಕು, ಕಿಟಕಿ ಬೆಳಕು ಎರಡೂ ಬೆರೆತಿದ್ದವು. ಹಾಲಿಗೆ ನೀರು ಸೇರಿದ ಮೇಲೆ ಬೇರೆ ಮಾಡೋದು ಹೇಗೆ? ಹದಿನೈದು ನೋಡ್ ಜೋಡಿಸಿದ್ದೂ ದಂಡ.

ನನ್ನ ಪಾಲಿಗೆ ಗೆದ್ದದ್ದು ನಾಲ್ಕನೆಯದು, ಲೈಟ್ ಗ್ರೂಪ್: ಬೆಳಕಿನ ಗುಂಪಿಗೊಂದು ಪಾಸ್. ಬ್ಲೆಂಡರ್‌ಗೆ ಇದು 3.2ರಲ್ಲಿ, ಅಂದರೆ 2022ರಲ್ಲಿ ಬಂತು. ಬೆಳಕು ಬೆಳಕಿಗೆ ಕೂಡುತ್ತದೆ, ಅಷ್ಟೇ ಇದರ ಗುಟ್ಟು. ದೀಪದ ಜ್ವಾಲೆ ಒಂದು ಗುಂಪು, ಕಿಟಕಿ ಒಂದು, ಹಿಂದಿನ ಸಣ್ಣ ಲೈಟ್ ಒಂದು. ಮೂರೂ ಕೂಡಿದರೆ ಪೂರ್ತಿ ಚಿತ್ರ. ನಾನು ಕೂಡಿದಾಗ ಚಿತ್ರ ಮಂಕಾಗಿತ್ತು. ಕಿಟಕಿಯಾಚೆಯ ಆಕಾಶ, ಅಂದರೆ ವರ್ಲ್ಡ್ ಬೆಳಕನ್ನು ಯಾವ ಗುಂಪಿಗೂ ಹಾಕಿರಲಿಲ್ಲ. ಗುಂಪಿಲ್ಲದ ಬೆಳಕು ಈ ಪಾಸ್‌ಗಳಲ್ಲಿ ಬರುವುದೇ ಇಲ್ಲ, ಯಾರೂ ಎಚ್ಚರಿಸುವುದೂ ಇಲ್ಲ. ಅದನ್ನೂ ಕಿಟಕಿ ಗುಂಪಿಗೆ ಹಾಕಿ, ಜ್ವಾಲೆಯ ಪಾಸ್‌ನ ಕೆಂಪು-ಹಸಿರು ತುಸು ಇಳಿಸಿದೆ. ಗೋಡೆ, ನೆಲ, ದೀಪದ ಹೊಟ್ಟೆಯ ಮೇಲಿನ ಪ್ರತಿಬಿಂಬ ಎಲ್ಲ ಒಟ್ಟಿಗೇ ತಣ್ಣಗಾದವು. ಕಿಟಕಿಯ ನೀಲಿ ಕದಲಲಿಲ್ಲ.

ತೊಂದರೆಯೇ ಇಲ್ಲ ಅಂತಲ್ಲ. ರೆಂಡರ್‌ನ ಡಿನಾಯ್ಸ್ ಈ ಗುಂಪುಗಳಿಗೆ ತಾಗುವುದಿಲ್ಲ, ಒಂದೊಂದಕ್ಕೂ ಕಂಪೋಸಿಟರ್‌ನಲ್ಲಿ (ಪಾಸ್‌ಗಳನ್ನು ಜೋಡಿಸಿ ತಿದ್ದುವ ಜಾಗ) ಡಿನಾಯ್ಸ್ ನೋಡ್ ಹಾಕಬೇಕು. ಪಿಎನ್‌ಜಿ ಸಾಲದು, ಎಲ್ಲ ಪಾಸ್‌ಗಳನ್ನೂ ಒಂದೇ ಫೈಲಿನಲ್ಲಿಡುವ ಬಹುಪದರದ ಇಎಕ್ಸ್‌ಆರ್ ಬೇಕು. ಜತೆಗೆ ಕ್ರಿಪ್ಟೋಮ್ಯಾಟ್ (ಬೇಕಾದ ವಸ್ತುವನ್ನಷ್ಟೇ ಆರಿಸಿ ತಿದ್ದಲು ನೆರವಾಗುವ ಪಾಸ್) ಬೇಕಿದ್ದರೆ 32 ಬಿಟ್‌ನಲ್ಲೇ ಉಳಿಸಬೇಕು, ಕಂಪ್ರೆಷನ್ ಕೂಡ ಏನೂ ಕಳೆದುಕೊಳ್ಳದ ಬಗೆಯದೇ ಆಗಬೇಕು. 1920×1080ಕ್ಕೆ ಒಂದು ಚಾನೆಲ್ (ಪಾಸ್‌ನ ಕೆಂಪು, ಹಸಿರು ಅಥವಾ ನೀಲಿಯಂಥ ಒಂದು ಭಾಗ) ಅಂದರೆ ಕಂಪ್ರೆಷನ್‌ಗೆ ಮುಂಚೆ 8 ಎಂಬಿ ಚಿಲ್ಲರೆ. ನನ್ನ ಫೈಲಿನಲ್ಲಿ 31 ಚಾನೆಲ್, 240 ಫ್ರೇಮ್. ನೀವೇ ಗುಣಿಸಿ ನೋಡಿ. ನಾನಂತೂ ಊರಿನ ಮದುವೆ ವಿಡಿಯೋಗಳನ್ನೆಲ್ಲ ಬೇರೆ ಡ್ರೈವಿಗೆ ಸಾಗಿಸಬೇಕಾಯಿತು.

ಈಗ ಒಂದೇ ಚಿತ್ರದ ಕೆಲಸವಾದರೆ ಪಾಸ್ ಗೊಡವೆಗೇ ಹೋಗುವುದಿಲ್ಲ, ಸುಮ್ನೆ ಮತ್ತೆ ರೆಂಡರ್ ಮಾಡುತ್ತೇನೆ. ವಿಡಿಯೋ ಅಂದರೆ ಮೂರು ಲೈಟ್ ಗ್ರೂಪ್, ಕ್ರಿಪ್ಟೋಮ್ಯಾಟ್. ಲೋಹದ ಸಾಮಾನು ಇದ್ದರಷ್ಟೇ ಗ್ಲಾಸಿಗೆ ಟಿಕ್. ಆ ಗಿರಾಕಿ ಮತ್ತೆ ಫೋನ್ ಮಾಡಿ, "ಕಿಟಕಿ ಬೆಳಕು ಒಂಚೂರು ಸಂಜೆ ಥರ ಆಗುತ್ತಾ?" ಅಂದರು. ಕಾಫಿ ಆರುವುದರೊಳಗೆ ಒಂದು ಫ್ರೇಮ್ ತಿದ್ದಿ ಕಳಿಸಿದೆ.