ಆಫ್ರಿಕನ್ ಫ್ಯೂಷನ್ ಬ್ಯಾಂಡಿಗೆ ಕಲಾಮಂದಿರವೋ, ವನರಂಗವೋ?

ಮೈಸೂರಿನಲ್ಲಿ ಆಫ್ರಿಕನ್ ಫ್ಯೂಷನ್ ಬ್ಯಾಂಡಿನ ಕಾರ್ಯಕ್ರಮ ಎಲ್ಲಿ ಇಟ್ಟುಕೊಳ್ಳೋಣ ಎಂದು ಕೇಳಿದ್ದೀರಿ. ಮೊದಲು ವಾದ್ಯ ನೋಡಿ. ಪಶ್ಚಿಮ ಆಫ್ರಿಕಾದ ತಂತಿವಾದ್ಯ ಕೋರಾಗೆ 21 ತಂತಿ, ಅರ್ಧ ಸೋರೆಬುರುಡೆಗೆ ಚರ್ಮ ಬಿಗಿದ ಮೈ. ಹೆಬ್ಬೆರಳು, ತೋರುಬೆರಳಲ್ಲಿ ಮೀಟುತ್ತಾರೆ. ಆ ಮೆದು ದನಿ ಬಯಲಲ್ಲಿ ಕರಗಿಹೋಗುತ್ತದೆ. ಅದೇ ಮುಖ್ಯವಾದರೆ ಒಳಾಂಗಣ ಸಭಾಂಗಣವಾದ ಕಲಾಮಂದಿರವೇ ಸರಿ.

ಜೆಂಬೆ ಎಂಬ ಆಫ್ರಿಕಾದ ಚರ್ಮವಾದ್ಯ ಹಾಗಲ್ಲ. ಆಡಿನ ಚರ್ಮದ ಮೇಲೆ ಬರಿಗೈ ಏಟು ಬಿದ್ದರೆ, ನಮ್ಮ ತಮಟೆ ಕೇಳಿದ ಹಾಗೆ, ಕಾಲು ಸುಮ್ನೆ ಇರುವುದಿಲ್ಲ. ಸಾಲು ಕುರ್ಚಿಗಳ ನಡುವೆ ಕುಣಿಯೋದು ಕಷ್ಟ ಅಲ್ವಾ? ಅಂಥ ಬ್ಯಾಂಡಿಗೆ ರಂಗಾಯಣದ ಬಯಲು ರಂಗಮಂದಿರ ವನರಂಗವೇ ನನಗೆ ಜಾಸ್ತಿ ಇಷ್ಟ. ಮಳೆಗಾಲದಲ್ಲಿ ಮಾತ್ರ ಬೇಡ, ತೇವಕ್ಕೆ ಚರ್ಮ ಸಡಿಲಾಗುತ್ತದೆ.

ಖರ್ಚಿಗೆ ಬಾಡಿಗೆಯೊಂದನ್ನೇ ನೋಡಬೇಡಿ, ಮೈಕು, ಲೈಟು ಸೇರಿಸಿ. ವಯಸ್ಸಾದವರು ಜಾಸ್ತಿ ಬರುವುದಾದರೆ ಕಲಾಮಂದಿರ.