ಬ್ರಿಡ್ಜ್, ಟ್ಯೂನರ್, ಪ್ರಿಆಂಪ್: ನನ್ನ ಬೇಸ್‌ಗೆ ಹಾಕಿದ್ದರಲ್ಲಿ ಯಾವುದು ಉಳಿಯಿತು, ಯಾವುದು ಡಬ್ಬ ಸೇರಿತು

ನನ್ನ ಬೇಸ್ ಗಿಟಾರ್‌ನಲ್ಲಿ ಕಂಪನಿಯಿಂದ ಬಂದ ಹಾಗೇ ಉಳಿದಿರುವುದು ಮರ, ಫ್ರೆಟ್ (ನೆಕ್ ಅನ್ನುವ ಉದ್ದ ಕೋಲಿನ ಮೇಲಿನ ಲೋಹದ ಅಡ್ಡಪಟ್ಟಿ) ಮತ್ತು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಅಯಸ್ಕಾಂತದ ಭಾಗ) ಮಾತ್ರ. ಪಿಕಪ್ ಕೂಡ ಒಮ್ಮೆ ಹೊರಗೆ ಹೋಗಿ ವಾಪಸ್ ಬಂದಿದ್ದು. ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ತುದಿ ಕೂರುವ ಭಾಗ), ಟ್ಯೂನರ್ (ನೆಕ್ ತುದಿಯ ತಲೆಯಲ್ಲಿರುವ ಶ್ರುತಿಯ ತಿರುಪು), ಪಾಟ್ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ಬಿಡಿಭಾಗ), ಜ್ಯಾಕ್ (ಕೇಬಲ್ ಚುಚ್ಚುವ ಜಾಗ), ನಟ್ (ತಲೆಯ ಬುಡದಲ್ಲಿ ತಂತಿಗಳು ಹಾಯುವ ಪಟ್ಟಿ) ಎಲ್ಲವೂ ಒಂದೊಂದಾಗಿ ಬದಲಾಗಿವೆ. ಹತ್ತು ವರ್ಷಕ್ಕಿಂತ ಜಾಸ್ತಿ ಇದನ್ನೇ ನುಡಿಸುತ್ತಿದ್ದೇನೆ. ಹೊಸ ಭಾಗ ಹಾಕಿದ ವಾರದಲ್ಲೇ ಬರೆಯುವ ವಿಮರ್ಶೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ದುಡ್ಡು ಕೊಟ್ಟವರ ಕಿವಿಗೆ ಎಲ್ಲವೂ ಚೆನ್ನಾಗೇ ಕೇಳಿಸುತ್ತದೆ. ಇದು ಆ ಸಂಭ್ರಮ ಪೂರ್ತಿ ಇಳಿದ ಮೇಲಿನ ಮಾತು.

ಬೇಸ್ ಪ್ರೆಸಿಶನ್ ಮಾದರಿಯದು. ಅಮೆರಿಕದ ಫೆಂಡರ್ ಕಂಪನಿ ಪ್ರೆಸಿಶನ್ ಬೇಸ್ ತಂದದ್ದು 1951ರಲ್ಲಿ. 1957ರಲ್ಲಿ ಅದಕ್ಕೆ ಎರಡು ತುಂಡಿನ ಪಿಕಪ್ ಬಂತು, ಬ್ರಿಡ್ಜ್‌ನಲ್ಲಿ ತಂತಿಗೊಂದು ಸ್ಯಾಡಲ್, ಅಂದರೆ ತಂತಿ ಕೂರುವ ಪುಟ್ಟ ತುಂಡು, ಬಂತು. ಬೇರೆ ಬೇರೆ ಕಂಪನಿಗಳು ಇವತ್ತಿಗೂ ಮಾಡುವ ಪ್ರತಿಗಳ ನಕ್ಷೆ ಬಹುಪಾಲು ಅದೇ. 34 ಇಂಚಿನ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ), ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ನನ್ನದು ಅಂಥದ್ದೊಂದು ಅಗ್ಗದ ಪ್ರತಿ. ಎಲ್ಲರೂ ಒಂದೇ ಅಳತೆ ಹಿಡಿದಿರುವುದರಿಂದ ಬಿಡಿಭಾಗಗಳಿಗೆ ಬರವೇ ಇಲ್ಲ. ಸ್ಕ್ರೂ ಬಿಚ್ಚು, ಹೊಸದು ಹಾಕು, ಮುಗೀತು ಅನ್ನಿಸುತ್ತದೆ. ಮುಗಿಯುವುದಿಲ್ಲ.

ಬಹಳ ಜನ ಮೊದಲು ಕೈ ಹಾಕುವುದು ಬ್ರಿಡ್ಜ್‌ಗೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಹಳೆಯದು ಬಾಗಿಸಿದ ತೆಳು ತಗಡು, ಮೇಲೆ ನಾಲ್ಕು ಸ್ಯಾಡಲ್. ನೋಡಲು ಬಡಕಲು. ಅದರ ಜಾಗಕ್ಕೆ ದಪ್ಪ ಲೋಹದ ಭಾರಿ ಬ್ರಿಡ್ಜ್ ಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಸ್ವರ ಗಟ್ಟಿಯಾಗುತ್ತದೆ ಅನ್ನುವುದು ಎಪ್ಪತ್ತರ ದಶಕದಿಂದ ನಡೆದುಕೊಂಡು ಬಂದ ಮಾತು. ಬ್ಯಾಡ್‌ಆ್ಯಸ್ ಬ್ರಿಡ್ಜ್ ಹೆಸರು ಮಾಡಿದ್ದು ಆಗಲೇ. ಈಗ ಗೋಟೋ, ಹಿಪ್‌ಶಾಟ್ ಹೀಗೆ ಹಲವರು ಮಾಡುತ್ತಾರೆ. ನಾನು ಕೊಂಡದ್ದು ಯಾರದ್ದು ಅನ್ನುವುದು ಇಲ್ಲಿ ಮುಖ್ಯವಲ್ಲ. ಹೇಳಬೇಕಾದ್ದು ಇಡೀ ಜಾತಿಗೇ ಅನ್ವಯಿಸುತ್ತದೆ.

ನಾದ ಬದಲಾಯಿತೇ? ಹಳೆಯದರಲ್ಲಿ ಒಂದಷ್ಟು ಸಾಲು ರೆಕಾರ್ಡ್ ಮಾಡಿಟ್ಟಿದ್ದೆ. ಹೊಸ ಬ್ರಿಡ್ಜ್ ಹಾಕಿ, ಅದೇ ತಂತಿ ಮತ್ತೆ ಏರಿಸಿ, ಅದೇ ಸಾಲುಗಳನ್ನು ನುಡಿಸಿದೆ. ಯಾವುದು ಯಾವುದು ಅಂತ ಹೇಳದೆ ಬ್ಯಾಂಡಿನ ಗೆಳೆಯರಿಗೆ ಕೇಳಿಸಿದೆ. ಡ್ರಮ್ಮರ್ ಹಳೆಯದನ್ನು ಹೊಸದು ಅಂದ. ಉಳಿದವರಿಗೆ ಎರಡೂ ಒಂದೇ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಬಾಡಿ ದಪ್ಪ ಮರ, ಅದು ಅಲುಗುವುದೇ ಕಡಿಮೆ. ತಂತಿಯ ಶಕ್ತಿ ಜಾಸ್ತಿ ಸೋರುವುದು ಉದ್ದಕ್ಕೆ ಚಾಚಿಕೊಂಡಿರುವ ನೆಕ್ ಕಡೆಯಿಂದ. ಅಲುಗದ ಕಡೆ ಇನ್ನಷ್ಟು ಲೋಹ ಸೇರಿಸಿದರೆ ಎಷ್ಟು ಬದಲಾದೀತು?

ಆದರೂ ಹೊಸ ಬ್ರಿಡ್ಜ್ ಬಿಚ್ಚಿಲ್ಲ. ಕಾರಣ ಬೇರೆ. ಹಳೆಯದರಲ್ಲಿ ಜೋರಾಗಿ ಮೀಟಿದರೆ ಸ್ಯಾಡಲ್ ಪಕ್ಕಕ್ಕೆ ಜರುಗುತ್ತಿತ್ತು, ತಂತಿಗಳ ನಡುವಿನ ಅಂತರ ಏರುಪೇರಾಗುತ್ತಿತ್ತು. ಎತ್ತರ ಹೊಂದಿಸುವ ಪುಟ್ಟ ಸ್ಕ್ರೂಗಳು ಕಂಪನಕ್ಕೆ ತಾವಾಗಿಯೇ ತಿರುಗಿ ಕೆಳಗಿಳಿಯುತ್ತಿದ್ದವು. ಒಂದು ದಿನ ಸರಿ ಇದ್ದ ಇ ತಂತಿ ಇನ್ನೊಂದು ದಿನ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತಿತ್ತು. ಹೊಸದರಲ್ಲಿ ಸ್ಯಾಡಲ್ ಕೂರಲು ಕೊರೆದ ತೋಡು ಇದೆ, ಆಚೀಚೆ ಹೋಗಲು ಜಾಗವೇ ಇಲ್ಲ. ಒಮ್ಮೆ ಸೆಟ್ ಮಾಡಿದ್ದು ಹಾಗೇ ನಿಲ್ಲುತ್ತದೆ. ಇಷ್ಟಕ್ಕೇ ಭಾರಿ ಬ್ರಿಡ್ಜ್ ಬೇಕೇ ಅಂದರೆ, ಬೇಡ. ಹಳೆಯ ಸ್ಕ್ರೂಗಳ ಎಳೆಗೆ ಒಂದೊಂದು ಹನಿ ಉಗುರು ಬಣ್ಣ ಬಿಟ್ಟಿದ್ದರೂ ಅರ್ಧ ತೊಂದರೆ ಮಾಯವಾಗುತ್ತಿತ್ತು. ಆ ಉಪಾಯ ಗೊತ್ತಾದದ್ದು ಆಮೇಲೆ.

ಇನ್ನು ಯಾರೂ ಮೊದಲೇ ಹೇಳದ ಸಂಗತಿ. ಹೊಸ ಬ್ರಿಡ್ಜ್‌ನ ತಳ ದಪ್ಪ. ಹಾಗಾಗಿ ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರದಲ್ಲೇ ಉಳಿಯಿತು. ಹನ್ನೆರಡನೇ ಫ್ರೆಟ್ ಬಳಿ ಒತ್ತಿ ಒತ್ತಿ ಬೆರಳು ನೋವು. ಕೊನೆಗೆ ನೆಕ್ ಬಿಚ್ಚಿ, ಅದು ಕೂರುವ ಗುಂಡಿಯಲ್ಲಿ ಬ್ರಿಡ್ಜ್ ಕಡೆಯ ಅಂಚಿಗೆ ಅರ್ಧ ಮಿಲಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟೆ. ನೆಕ್ ಒಂಚೂರು ಹಿಂದಕ್ಕೆ ವಾಲುತ್ತದೆ. ಪಟ್ಟಿ ಅರ್ಧ ಮಿಲಿಮೀಟರ್ ಆದರೂ ಬ್ರಿಡ್ಜ್ ಬಳಿ ಸುಮಾರು ಎರಡು ಮಿಲಿಮೀಟರ್‌ನಷ್ಟು ಅವಕಾಶ ಸಿಗುತ್ತದೆ. ಆಕ್ಷನ್, ಅಂದರೆ ಫ್ರೆಟ್ ಮೇಲೆ ತಂತಿಯ ಎತ್ತರ, ಸರಿಹೋಯಿತು. ಬ್ರಿಡ್ಜ್ ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆಯೇ ಬಾಡಿಯೊಳಗಿಂದ ಬರುವ ಗ್ರೌಂಡ್ ವೈರ್ ಹೊಸ ಬ್ರಿಡ್ಜ್‌ನ ತಳಕ್ಕೆ ತಾಗಿರಬೇಕು. ತಾಗದಿದ್ದರೆ ಆಂಪ್ (ಆಂಪ್ಲಿಫೈಯರ್) ಗುಂಯ್ ಅನ್ನುತ್ತಲೇ ಇರುತ್ತದೆ, ತಂತಿ ಮುಟ್ಟಿದರೂ ನಿಲ್ಲುವುದಿಲ್ಲ.

ಈಗ ಟ್ಯೂನರ್. ಹಾಕಿದ ಎಲ್ಲದರಲ್ಲಿ ನಾನು ಕಣ್ಣು ಮುಚ್ಚಿ ಮತ್ತೆ ಕೊಳ್ಳುವುದು ಇದನ್ನೊಂದೇ. ಈ ಮಾದರಿಯ ಬೇಸ್‌ಗಳ ತಲೆ ಭಾರ. ಕೈ ಬಿಟ್ಟರೆ ನೆಕ್ ನೆಲ ನೋಡುತ್ತದೆ. ಎಡಗೈ ಅರ್ಧ ಕೆಲಸ ನೆಕ್ ಹಿಡಿದು ನಿಲ್ಲಿಸುವುದೇ ಆಗಿತ್ತು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಭುಜ ಸೋತಿರುತ್ತಿತ್ತು. ಅಗಲವಾದ ಸ್ಟ್ರಾಪ್ ಹಾಕಿದೆ, ಒಳಮೈ ಒರಟಾದ ಚರ್ಮದ್ದು. ಸ್ವಲ್ಪ ತಡೆಯಿತು, ಅಷ್ಟೇ. ಹಗುರ ಟ್ಯೂನರ್ ನಾಲ್ಕು ಹಾಕಿದ ದಿನವೇ ಬೇಸ್ ಅಡ್ಡಕ್ಕೆ ನಿಂತಿತು. ತಲೆ ನಮ್ಮ ಭುಜದಿಂದ ಅಷ್ಟು ದೂರ ಇರುವುದರಿಂದ ಅಲ್ಲಿ ಇಳಿಸಿದ ಒಂದೊಂದು ಗ್ರಾಂಗೂ ಬೆಲೆ ಜಾಸ್ತಿ. ಬಾಡಿಯಲ್ಲಿ ಅಷ್ಟೇ ತೂಕ ಇಳಿಸಿದ್ದರೆ ತಲೆ ಇನ್ನೂ ಬಾಗುತ್ತಿತ್ತು. ಅಂದಹಾಗೆ, ಈ ಲೆಕ್ಕದಲ್ಲಿ ಭಾರಿ ಬ್ರಿಡ್ಜ್ ಕೂಡ ಒಳ್ಳೆಯದೇ ಮಾಡಿದೆ. ಅದು ತೂಕ ಸೇರಿಸಿದ್ದು ಸರಿಯಾದ ತುದಿಗೆ!

ಟ್ಯೂನರ್ ಬದಲಿಸಿದ್ದರಿಂದ ಇನ್ನೊಂದು ಬದಲಾವಣೆ ಆಯಿತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಈ ಬೇಸ್‌ನ ಜಿ ತಂತಿಯ ಐದನೇ ಫ್ರೆಟ್‌ನಲ್ಲಿ ಒಂದು ಸತ್ತ ಸ್ವರ ಇತ್ತು. ಮೀಟಿದರೆ ಟಕ್ ಅಂತ ಬಂದು ಹಾಗೇ ಅಡಗುತ್ತಿತ್ತು. ಅಕ್ಕಪಕ್ಕದ ಸ್ವರಗಳು ಆರಾಮಾಗಿ ಹಾಡುತ್ತಿದ್ದವು. ಇದನ್ನು ಡೆಡ್ ಸ್ಪಾಟ್ ಅನ್ನುತ್ತಾರೆ. ಉದ್ದ ನೆಕ್ಕಿನ, ಬೋಲ್ಟ್ ಹಾಕಿದ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್‌ಗಳ ಆಸುಪಾಸಿನಲ್ಲಿ ಇದು ಮಾಮೂಲಿ. ನೆಕ್‌ಗೆ ತನ್ನದೇ ಒಂದು ಕಂಪನ ಇರುತ್ತದೆ. ತಂತಿಯ ಸ್ವರ ಅದರ ಹತ್ತಿರ ಬಂದರೆ ನೆಕ್ ಆ ಶಕ್ತಿಯನ್ನು ಹೀರಿಕೊಂಡು ತಾನು ಅಲುಗುತ್ತದೆ, ತಂತಿ ಸುಮ್ಮನಾಗುತ್ತದೆ. ಐದನೇ ಫ್ರೆಟ್‌ನ ಸಿ ಸ್ವರ ಅಂದರೆ ಸುಮಾರು 131 ಹರ್ಟ್ಸ್. ಹಗುರ ಟ್ಯೂನರ್ ಹಾಕಿದ ಮೇಲೆ ತಲೆಯ ತೂಕ ಇಳಿಯಿತು, ನೆಕ್ಕಿನ ಕಂಪನ ಮೇಲಕ್ಕೆ ಸರಿಯಿತು. ಸತ್ತ ಸ್ವರ ಆರನೇ ಫ್ರೆಟ್‌ಗೆ ಹೋಗಿ ಕೂತಿತು. ಅನುಮಾನಕ್ಕೆ ಒಂದು ಪರೀಕ್ಷೆ ಮಾಡಿದೆ. ಬಡಗಿಗಳು ಬಳಸುವ ಕ್ಲ್ಯಾಂಪ್ ಒಂದನ್ನು ಬಟ್ಟೆ ಸುತ್ತಿ ತಲೆಗೆ ಬಿಗಿದೆ. ಸತ್ತ ಸ್ವರ ಮತ್ತೆ ಕೆಳಗೆ ಬಂತು. ಬಿಚ್ಚಿದರೆ ಮೇಲೆ. ಅಂದರೆ ಅದು ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ನನಗೆ ಅಲ್ಲಿ ಸಿ ಬೇಕಾಗುವುದು ಜಾಸ್ತಿ, ಸಿ ಶಾರ್ಪ್ ಅಪರೂಪ. ಹಾಗಾಗಿ ಲಾಭವೇ ಆಯಿತು. ನಿಮ್ಮ ಹಾಡುಗಳು ಬೇರೆ ಶ್ರುತಿಯಲ್ಲಿದ್ದರೆ ಇದೇ ಬದಲಾವಣೆ ತಲೆನೋವಾಗಬಹುದು.

ಪಿಕಪ್ ಕಥೆ ಚಿಕ್ಕದು. ಜೋರು ಔಟ್‌ಪುಟ್‌ನದ್ದು ಹಾಕಿದೆ. ಆಂಪ್‌ನ ಕೆಂಪು ದೀಪ ಹತ್ತತೊಡಗಿತು, ಗೇನ್ (ಒಳಬರುವ ಸಂಕೇತದ ಮಟ್ಟ) ಇಳಿಸಿದೆ. ಅಲ್ಲಿಗೆ ಜೋರು ಅನ್ನುವ ಲಾಭ ಮುಗಿಯಿತಲ್ವಾ? ಮಧ್ಯದ ಸ್ವರಗಳು ದಪ್ಪವಾದವು, ಮೇಲಿನ ಹೊಳಪು ಹೋಯಿತು. ಹಳೆಯದನ್ನೇ ವಾಪಸ್ ಹಾಕಿ, ಸ್ಕ್ರೂ ಡ್ರೈವರ್ ಹಿಡಿದು ಎತ್ತರವನ್ನು ಸರಿಮಾಡುತ್ತಾ ಕೂತೆ. ತಂತಿಗೆ ಹತ್ತಿರ ತಂದರೆ ಸದ್ದು ಜೋರು, ದೂರ ಮಾಡಿದರೆ ಮೃದು. ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ತೊನೆಯುತ್ತದೆ. ಆ ಎರಡು ಮೂರು ಮಿಲಿಮೀಟರ್‌ನಲ್ಲಿ ಸಿಕ್ಕಿದ ವ್ಯತ್ಯಾಸ ಹೊಸ ಪಿಕಪ್ ಕೊಟ್ಟದ್ದಕ್ಕಿಂತ ದೊಡ್ಡದು. ಪಾಟ್‌ಗಳು ಕರಕರ ಅನ್ನುತ್ತಿದ್ದವು, ಅವನ್ನು 250 ಕಿಲೋಓಮ್‌ನ ಒಳ್ಳೆಯ ಪಾಟ್‌ಗೆ ಬದಲಿಸಿದ್ದು ಸರಿಯೇ. ಟೋನ್ ನಾಬ್‌ಗೆ ಜೋಡಿಸಿರುವ ಕೆಪಾಸಿಟರ್ ವಿಷಯಕ್ಕೆ ಜನ ಜಗಳವಾಡುತ್ತಾರೆ. ಟೋನ್ ಪೂರ್ತಿ ತೆರೆದಿಟ್ಟು ನುಡಿಸುವವರಿಗೆ 0.047 ಮೈಕ್ರೋಫ್ಯಾರಡ್ ಹಾಕಿದರೂ 0.1 ಹಾಕಿದರೂ ಹೆಚ್ಚೂಕಡಿಮೆ ಒಂದೇ. ಟೋನ್ ಇಳಿಸಿದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಪ್ರಿಆಂಪ್ ಬಗ್ಗೆ ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಬೇಸ್‌ನೊಳಗೇ ಕೂರುವ, ಒಂಬತ್ತು ವೋಲ್ಟ್ ಬ್ಯಾಟರಿಯ ಸರ್ಕ್ಯೂಟ್. ಕೆಳಸ್ವರ, ಮೇಲಿನ ಸ್ವರ (ಟ್ರೆಬಲ್) ಎರಡನ್ನೂ ಏರಿಸಬಹುದು. ಬ್ಯಾಟರಿಗೆ ಜಾಗ ಇರಲಿಲ್ಲ, ಹಿಂಭಾಗದ ಮರ ಕೊರೆಸಿದೆ. ಮೊದಮೊದಲು ಖುಷಿಯೋ ಖುಷಿ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಆ ಗುಡುಗು ಯಾರಿಗೆ ಬೇಡ? ಬ್ಯಾಂಡಿನ ಜೊತೆ ಮಾತ್ರ ಎಲ್ಲ ಉಲ್ಟಾ. ಏರಿಸಿದ ಕೆಳಸ್ವರ ಕಿಕ್ ಡ್ರಮ್ ಮೇಲೆ ಬಿದ್ದು ಎರಡೂ ಮಸುಕು. ಏರಿಸಿದ ಟ್ರೆಬಲ್‌ನಲ್ಲಿ ಬೆರಳು ಉಜ್ಜುವ ಸದ್ದೇ ಹೆಚ್ಚು. ಕೊನೆಗೆ ಎರಡೂ ನಾಬ್ ನಡುವಿಗೇ ನಿಂತವು, ಅಂದರೆ ಇಲ್ಲದ ಹಾಗೆಯೇ. ಇಂಥ ಸರ್ಕ್ಯೂಟ್‌ಗಳಲ್ಲಿ ಕೇಬಲ್ ಚುಚ್ಚಿದರೆ ಬ್ಯಾಟರಿ ಆನ್. ರಾತ್ರಿ ಕೇಬಲ್ ಕೀಳಲು ಮರೆತರೆ ಬೆಳಿಗ್ಗೆವರೆಗೂ ಅದು ಖರ್ಚಾಗುತ್ತಲೇ ಇರುತ್ತದೆ. ಒಮ್ಮೆ ವೇದಿಕೆಯಲ್ಲೇ, ಹಾಡಿನ ನಡುವೆ, ಸದ್ದು ಒಡೆದು ಪರಪರ ಅಂದಿತು. ನನ್ನದರಲ್ಲಿ ಪ್ಯಾಸಿವ್‌ಗೆ, ಅಂದರೆ ಬ್ಯಾಟರಿ ಇಲ್ಲದೆ ನುಡಿಸುವ ದಾರಿಗೆ, ಹೋಗುವ ಸ್ವಿಚ್ ಇರಲಿಲ್ಲ. ಉಳಿದ ಹಾಡಿಗೆ ಕೀಬೋರ್ಡಿನ ಎಡಗೈಯೇ ಗತಿ. ಪ್ರಿಆಂಪ್ ಈಗ ಡಬ್ಬದಲ್ಲಿದೆ. ಕೊರೆದ ಗುಂಡಿಗೆ ಪ್ಲಾಸ್ಟಿಕ್ ಮುಚ್ಚಳ ಇದೆ. ಒಳಗೆ ಈಗ ಟ್ರಸ್ ರಾಡ್‌ನ (ನೆಕ್ಕಿನ ಬಾಗು ಸರಿಮಾಡುವ ಒಳಗಿನ ಸರಳು) ಅಲೆನ್ ಕೀ ಇಟ್ಟುಕೊಂಡಿದ್ದೇನೆ, ಅಷ್ಟರ ಮಟ್ಟಿಗೆ ಉಪಯೋಗ.

ಆ ಪ್ರಿಆಂಪ್ ಕೊಳ್ಳಲು ಮಾರಿದ್ದು 30 ಇಂಚು ಸ್ಕೇಲ್‌ನ ಚಿಕ್ಕ ಬೇಸ್ ಒಂದನ್ನು. ಅದರ ತಂತಿ ಸಡಿಲ, ಸ್ವರ ದುಂಡಗೆ. ಸೋಫಾದಲ್ಲಿ ಕಾಲು ಮಡಚಿ ಕೂತು ನುಡಿಸಬಹುದಿತ್ತು. ಇವತ್ತಿಗೂ ಹೊಟ್ಟೆ ಉರಿಯುವುದು ಮರ ಕೊರೆಸಿದ್ದಕ್ಕಲ್ಲ, ಇದಕ್ಕೆ.

ತಂತಿಗೆ ಬರೋಣ. ಕಿವಿಗೆ ನಿಜವಾಗಿ ಕೇಳಿಸುವ ಬದಲಾವಣೆ ಬೇಕಿದ್ದರೆ ದುಡ್ಡು ಹಾಕಬೇಕಾದ್ದು ಇಲ್ಲಿ. ಮೊದಲು ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ್ದು) ಬಳಸುತ್ತಿದ್ದೆ. ಹೊಸದಿದ್ದಾಗ ಝಣ್ ಅನ್ನುತ್ತವೆ, ಕೆಲವು ವಾರಕ್ಕೆ ಬೆವರು ಕುಡಿದು ಮಂಕಾಗುತ್ತವೆ. ಈಗ ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೌಂಡ್ (ಚಪ್ಪಟೆ ತಂತಿ ಸುತ್ತಿದ್ದು), ಇಂಚಿನ ಸಾವಿರದ ಲೆಕ್ಕದಲ್ಲಿ 43ರಿಂದ 104 ದಪ್ಪದ ಸೆಟ್. ಮೈ ನುಣುಪು. ಬೆರಳು ಜಾರಿಸಿದರೆ ಕೀರಲು ಸದ್ದಿಲ್ಲ, ಫ್ರೆಟ್ ಸವೆಯುವುದೂ ಕಡಿಮೆ. ಹಾಕಿದ ಹೊಸತರಲ್ಲಿ ಸ್ವಲ್ಪ ಲೋಹದ ಧ್ವನಿ ಇರುತ್ತದೆ, ತಿಂಗಳುಗಳು ಕಳೆದಂತೆ ಪಳಗುತ್ತವೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಇದೇ ಲಾ ಬೆಲ್ಲಾದ ಇನ್ನೂ ದಪ್ಪದ ಫ್ಲಾಟ್‌ವೌಂಡ್ ಹಾಕಿ, ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ ಅನ್ನುವುದು ಬೇಸ್ ನುಡಿಸುವವರಿಗೆಲ್ಲ ಗೊತ್ತು. ಅವರದ್ದು 1962ರ ಪ್ರೆಸಿಶನ್, ಬ್ರಿಡ್ಜ್ ಮುಚ್ಚಳದ ಕೆಳಗೆ ಒಂದು ಫೋಮ್ ತುಂಡು, ಮೀಟಲು ಒಂದೇ ಬೆರಳು. ಮೋಟೌನ್‌ನ ಅಷ್ಟೊಂದು ಹಾಡುಗಳಿಗೆ ಇಷ್ಟೇ ಸಲಕರಣೆ ಸಾಕಾಯಿತು. ನಾನೂ ಬ್ರಿಡ್ಜ್ ಪಕ್ಕ ತಂತಿಗಳ ಕೆಳಗೆ ಪ್ಯಾಕಿಂಗ್ ಫೋಮ್ ತುರುಕಿ ನೋಡಿದ್ದೇನೆ. ನಿಧಾನ ಹಾಡುಗಳಿಗೆ ಅದು ಬಿಟ್ಟರೆ ಬೇರೆ ಬೇಡ.

ಒಂದು ಎಚ್ಚರಿಕೆ. ತಂತಿಯ ದಪ್ಪ ಬದಲಿಸಿದರೆ ಎಳೆತ ಬದಲಾಗುತ್ತದೆ. ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರವೂ ಅಲ್ಲಿನ ಹಾರ್ಮೋನಿಕ್ಕೂ (ಒತ್ತದೆ ಬರೀ ತಾಗಿಸಿ ಮೀಟಿದಾಗ ಬರುವ ಸ್ವರ) ಒಂದೇ ಆಗುವವರೆಗೆ ಸ್ಯಾಡಲ್ ಹಿಂದೆ ಮುಂದೆ ಮಾಡಬೇಕು. ದಪ್ಪ ತಂತಿ ನಟ್‌ನ ತೋಡಿನಲ್ಲಿ ಸಿಕ್ಕಿಕೊಂಡರೆ ಎಂಥ ಟ್ಯೂನರ್ ಇದ್ದರೂ ಶ್ರುತಿ ನಿಲ್ಲುವುದಿಲ್ಲ. ಮೂಳೆಯ ನಟ್ ಹಾಕಿಸಿ ತೋಡು ಸರಿಯಾಗಿ ಕೊರೆಸಿದ ಮೇಲೆ ಶ್ರುತಿ ತಪ್ಪುವ ದೂರು ಮುಗಿಯಿತು. ಹಳೆಯ ಟ್ಯೂನರ್‌ಗಳನ್ನು ಅಷ್ಟು ದಿನ ಸುಮ್ನೆ ಬೈದಿದ್ದೆ.

ಆಂಪ್ ಬಗ್ಗೆ ಎರಡು ಮಾತು. ಭಾರದ ಟ್ಯೂಬ್ ಆಂಪ್ ಮಾರಿ ಕ್ಲಾಸ್ ಡಿ ಅನ್ನುವ ಹಗುರವಾದ ಬಗೆಯ ಆಂಪ್ ತಂದಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಬೆನ್ನು ಇನ್ನೂ ನನ್ನದೇ. ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ, ಪವರ್ ಎರಡರಷ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್. ಅದೇ ದುಡ್ಡಿಗೆ ಇನ್ನೊಂದು ಸ್ಪೀಕರ್ ಕ್ಯಾಬಿನೆಟ್ ಸೇರಿಸಿದರೆ ವೇದಿಕೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಸೇರಿಸುವ ಮುಂಚೆ ಆಂಪ್ ಕನಿಷ್ಠ ಎಷ್ಟು ಓಮ್‌ವರೆಗೆ (ಸ್ಪೀಕರ್‌ಗಳ ವಿದ್ಯುತ್ ತಡೆಯ ಅಳತೆ) ತಾಳುತ್ತದೆ ಅಂತ ಹಿಂಬದಿಯಲ್ಲಿ ಓದಿಕೊಳ್ಳಿ. ಎಂಟು ಓಮ್‌ನ ಎರಡು ಸೇರಿದರೆ ನಾಲ್ಕಾಗುತ್ತದೆ.

ಹಗುರ ಟ್ಯೂನರ್ ತರಿಸುವವರು ಮೊದಲು ಒಂದು ಹಳೆಯ ಟ್ಯೂನರ್ ಬಿಚ್ಚಿ ತಲೆಯ ತೂತಿನ ವ್ಯಾಸ ಅಳೆಯಿರಿ. ಪ್ರತಿಗಳಲ್ಲಿ ಅದು ಮೂಲದ ಅಳತೆಯೇ ಇರಬೇಕೆಂದಿಲ್ಲ. ಹಿಂಬದಿಯ ಸ್ಕ್ರೂ ತೂತುಗಳು ಹೊಂದದಿದ್ದರೆ ಹಲ್ಲುಕಡ್ಡಿಗೆ ಮರದ ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ಹೊಸದಾಗಿ ಕೊರೆಯಿರಿ. ಬ್ರಿಡ್ಜ್‌ಗಾದರೆ ಸ್ಕ್ರೂಗಳ ನಡುವಿನ ಅಂತರ, ತಂತಿಗಳ ನಡುವಿನ ಅಂತರ, ಸ್ಯಾಡಲ್ ಇಳಿಯುವ ಕನಿಷ್ಠ ಎತ್ತರ, ಈ ಮೂರನ್ನೂ ನೋಡಿ. ಬಿಚ್ಚಿದ ಹಳೆಯ ಭಾಗಗಳನ್ನು ಸ್ಕ್ರೂ ಸಮೇತ ಎತ್ತಿಡಿ. ನನ್ನ ಪಿಕಪ್ ವಾಪಸ್ ಬಂದದ್ದು ಹಾಗೆ ಇಟ್ಟಿದ್ದರಿಂದಲೇ.